ತಾರಸಿಯ ಬಿಸಿಲು, ತೊಟ್ಟಿಯ ಉಸಿರು

ಅನಕಾಪಲ್ಲಿಯಿಂದ ಪೂಡಿಮಡಕದ ಕಡಲತೀರಕ್ಕೆ ಇಳಿಯುವ ದಾರಿಯಲ್ಲಿ ಸಿಗುವ ಊರು ಅಚ್ಯುತಾಪುರಂ. ಹೊರಗಿನವರು ಅದನ್ನು ಗುರುತಿಸುವುದು ಅಲ್ಲಿನ ವಿಶೇಷ ಆರ್ಥಿಕ ವಲಯದಿಂದ, ಬ್ರ್ಯಾಂಡಿಕ್ಸ್ ಉಡುಪು ಕಾರ್ಖಾನೆಯಿಂದ, ಔಷಧ ಕಂಪನಿಗಳಿಂದ. ಅಲ್ಲಿಂದ ವಿಶಾಖಪಟ್ಟಣದ ಕಡೆಗೆ ಹೊರಟರೆ ಪರವಾಡದ ಬಳಿ ಎನ್‌ಟಿಪಿಸಿಯ ಸಿಂಹಾದ್ರಿ ಸ್ಥಾವರವಿದೆ. ಕಲ್ಲಿದ್ದಲು ಸುಟ್ಟು 2,000 ಮೆಗಾವಾಟ್ ವಿದ್ಯುತ್ ತಯಾರಿಸಬಲ್ಲ ಸ್ಥಾವರ ಅದು. ಅದೇ ಅಂಗಳದ ಜಲಾಶಯದ ಮೇಲೆ 2021ರ ಆಗಸ್ಟ್‌ನಲ್ಲಿ 25 ಮೆಗಾವಾಟ್ ಸಾಮರ್ಥ್ಯದ ತೇಲುವ ಸೌರ ಘಟಕ ಶುರುವಾಯಿತು. ಸುಮಾರು 75 ಎಕರೆ ನೀರಿನ ಮೇಲೆ ಲಕ್ಷಕ್ಕೂ ಮಿಕ್ಕಿದ ಸೌರಫಲಕಗಳು. ಆ ಹೊತ್ತಿಗೆ ದೇಶದಲ್ಲೇ ದೊಡ್ಡದು. ಹಗಲು ಹೊತ್ತು ಈ ಫಲಕಗಳಿಂದ ಒಂದಿಷ್ಟು ಕರೆಂಟು ಸೇರಿಕೊಳ್ಳುತ್ತದೆ, ಸೂರ್ಯ ಮುಳುಗಿದ ಮೇಲೆ ಕಲ್ಲಿದ್ದಲೇ ಗತಿ.

ಈ ಸೀಮೆಯ ಮನೆಯೊಂದರ ನಡುಮನೆಯಲ್ಲಿ ಮೀನಿನ ತೊಟ್ಟಿಯಿದೆ ಎಂದುಕೊಳ್ಳಿ. ಆ ಮನೆಯ ತಾರಸಿಯ ಮೇಲೂ ನಡೆಯುವುದು ಇದೇ ಲೆಕ್ಕ. ಫಲಕ ಕೆಲಸ ಮಾಡುವುದು ಬಿಸಿಲಿರುವ ಹೊತ್ತಿನಲ್ಲಿ. ತೊಟ್ಟಿಯ ಪಂಪಿಗೆ ಕರೆಂಟು ಬೇಕಾಗಿರುವುದು ಇಪ್ಪತ್ತನಾಲ್ಕು ಗಂಟೆಯೂ. ಸೋಲಾರ್ ಹಾಕಿಸಿದರೆ ಮೀನು ಸಾಕುವ ಖರ್ಚು ಇಳಿಯುತ್ತದೆಯೇ ಎಂದು ಕೇಳುವವರು ಈಗ ಬೆಂಗಳೂರು, ಮಂಗಳೂರಿನಲ್ಲೂ ಇದ್ದಾರೆ, ವಿಶಾಖಪಟ್ಟಣ, ವಿಜಯವಾಡದಲ್ಲೂ ಇದ್ದಾರೆ. ಇಳಿಯುತ್ತದೆ, ಕೆಲವು ಮನೆಗಳಲ್ಲಿ ಚೆನ್ನಾಗಿಯೇ ಇಳಿಯುತ್ತದೆ. ಆದರೆ ಬಿಲ್ಲು ಇಳಿಸುವ ಏರ್ಪಾಡು ಬೇರೆ, ಮೀನಿನ ಉಸಿರು ಕಾಯುವ ಏರ್ಪಾಡು ಬೇರೆ. ಎರಡೂ ಒಂದೇ ಎಂದು ನಂಬಿದ ಮನೆಗಳಲ್ಲಿ ಮೀನು ಸಾಯುತ್ತವೆ. ಈ ಲೇಖನಕ್ಕೆ ಕೈ ಹಾಕಿದ್ದೇ ಅದಕ್ಕಾಗಿ.

ಮೊದಲು ತೊಟ್ಟಿ ಎಷ್ಟು ಕರೆಂಟು ತಿನ್ನುತ್ತದೆ ನೋಡೋಣ. ಗಾಳಿಗುಳ್ಳೆ ಬಿಡುವ ಸಣ್ಣ ಏರ್ ಪಂಪು ಮೂರರಿಂದ ಐದು ವಾಟ್. ತೊಟ್ಟಿಯ ಒಳಗೆ ಕೂರುವ ಫಿಲ್ಟರ್ ಐದರಿಂದ ಹದಿನೈದು ವಾಟ್, ಕೆಳಗಿನ ಕಪಾಟಿನಲ್ಲಿ ಇಡುವ ಕ್ಯಾನಿಸ್ಟರ್ ಫಿಲ್ಟರ್ ಆದರೆ ಹದಿನೈದರಿಂದ ನಲವತ್ತು. ಎಲ್‌ಇಡಿ ದೀಪ ತೊಟ್ಟಿಯ ಉದ್ದ ನೋಡಿಕೊಂಡು ಇಪ್ಪತ್ತರಿಂದ ಅರವತ್ತು. ಪೆಟ್ಟಿಗೆಯ ಮೇಲಿನ ಈ ಅಂಕಿಗಳನ್ನು ನೋಡಿ ಬಲ್ಬಿಗಿಂತ ಕಡಿಮೆ ಎಂದು ಹಗುರಾಗಿ ತೆಗೆದುಕೊಳ್ಳುವವರೇ ಹೆಚ್ಚು. ಮಿಕ್ಸಿ 500 ವಾಟ್‌ನದಾದರೂ ದಿನಕ್ಕೆ ಓಡುವುದು ಹತ್ತು ನಿಮಿಷ. ಫಿಲ್ಟರ್ 20 ವಾಟ್‌ನದಾದರೂ ನಿಲ್ಲುವಂತಿಲ್ಲ. ದಿನಕ್ಕೆ ಅರ್ಧ ಯೂನಿಟ್ ಅದರದ್ದೇ ಆಗುತ್ತದೆ.

ಇನ್ನೂರು ಲೀಟರಿನ, ಗಿಡ ನೆಟ್ಟ ಸಿಹಿನೀರಿನ ತೊಟ್ಟಿಯನ್ನೇ ತೆಗೆದುಕೊಳ್ಳಿ. 20 ವಾಟ್‌ನ ಫಿಲ್ಟರ್ ಹಗಲಿರುಳು, 40 ವಾಟ್‌ನ ದೀಪ ಎಂಟು ಗಂಟೆ, 4 ವಾಟ್‌ನ ಏರ್ ಪಂಪು ಹಗಲಿರುಳು. ಎಲ್ಲ ಸೇರಿ ದಿನಕ್ಕೆ 0.9 ಯೂನಿಟ್, ತಿಂಗಳಿಗೆ 27. ಡಿಸ್ಕಸ್ ಮೀನು ಸಾಕುವವರು 28ರಿಂದ 30 ಡಿಗ್ರಿಯಲ್ಲಿ ನೀರನ್ನು ಹಿಡಿದಿಡಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ಅದಕ್ಕೆಂದು 200 ವಾಟ್‌ನ ಹೀಟರ್ ದಿನಕ್ಕೆ ಎಂಟು ಗಂಟೆ ಉರಿದರೆ ತಿಂಗಳಿಗೆ ಮತ್ತೆ 48 ಯೂನಿಟ್. ಇನ್ನು ಹವಳ ಬೆಳೆಸುವ ಉಪ್ಪುನೀರಿನ ತೊಟ್ಟಿಯ ಹೊಟ್ಟೆಯೇ ಬೇರೆ. ನೀರು ಮೇಲೆತ್ತುವ ಪಂಪು 40 ವಾಟ್, ಅಲೆ ಎಬ್ಬಿಸುವ ಪಂಪು 20, ಕೊಳೆ ನೊರೆ ತೆಗೆಯುವ ಸ್ಕಿಮ್ಮರ್ 20, ದೀಪ 120, ಇವುಗಳ ಮೇಲೆ ನೀರು ತಂಪು ಮಾಡುವ ಚಿಲ್ಲರ್ 250 ವಾಟ್. ಚಿಲ್ಲರ್ ದಿನಕ್ಕೆ ಹತ್ತು ಗಂಟೆ ಓಡಿತೆಂದರೆ ಒಟ್ಟು ದಿನಕ್ಕೆ ಐದು ಯೂನಿಟ್ ದಾಟುತ್ತದೆ, ತಿಂಗಳಿಗೆ 160. ಸಣ್ಣ ಸಂಸಾರವೊಂದು ಇಡೀ ತಿಂಗಳು ಬಳಸುವಷ್ಟು ಕರೆಂಟು ಅದು.

ಊರಿನ ಹವೆ ಇಲ್ಲಿ ನಾವು ಎಣಿಸುವುದಕ್ಕಿಂತ ದೊಡ್ಡ ಪಾತ್ರ ವಹಿಸುತ್ತದೆ. ಆಂಧ್ರದ ಕರಾವಳಿಯಲ್ಲಿ ಸಿಹಿನೀರಿನ ಮೀನಿಗೆ ಹೀಟರ್ ಬೇಕಾಗುವುದೇ ಅಪರೂಪ. ಅಲ್ಲಿನ ಕಾಟ ಬೇಸಿಗೆಯದು. ಕೋಣೆಯಲ್ಲಿಟ್ಟ ತೊಟ್ಟಿಯ ನೀರೇ 31, 32 ಡಿಗ್ರಿಗೆ ಏರುತ್ತದೆ, ಹವಳಕ್ಕೆ ಹಿತವಾದದ್ದು 24ರಿಂದ 27. ಹಾಗಾಗಿ ಅಲ್ಲಿನ ಖರ್ಚು ತಂಪು ಮಾಡುವುದಕ್ಕೆ, ಬೆಂಗಳೂರಿನ ಖರ್ಚು ಬಿಸಿ ಮಾಡುವುದಕ್ಕೆ. ಸೌರಶಕ್ತಿಯ ದೃಷ್ಟಿಯಿಂದ ನೋಡಿದರೆ ಕರಾವಳಿಯವರು ಅದೃಷ್ಟವಂತರು. ಚಿಲ್ಲರ್ ಹೆಚ್ಚು ದುಡಿಯಬೇಕಾದ ಹೊತ್ತು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ. ತಾರಸಿಯ ಫಲಕ ಚೆನ್ನಾಗಿ ದುಡಿಯುವ ಹೊತ್ತೂ ಹೆಚ್ಚುಕಡಿಮೆ ಅದೇ. ಹೀಟರ್ ಹಾಗಲ್ಲ. ಅದಕ್ಕೆ ಕೆಲಸ ಬೀಳುವುದು ಚಳಿಗಾಲದ ರಾತ್ರಿ, ಬಿಸಿಲಿನ ಸುಳಿವೇ ಇಲ್ಲದಾಗ.

ಅದಕ್ಕೇ ಫಲಕಕ್ಕೆ ದುಡ್ಡು ತೆಗೆದಿಡುವ ಮೊದಲು ತೊಟ್ಟಿಯ ಹಸಿವನ್ನೇ ಇಳಿಸಬೇಕು. ಹಿಂಬದಿಗೂ ಪಕ್ಕಕ್ಕೂ ತರ್ಮಕೋಲ್ ಅಂಟಿಸಿ, ಮೇಲೆ ಗಾಜು ಮುಚ್ಚಿದರೆ ಹೀಟರಿನ ದುಡಿಮೆ ಗಣನೀಯವಾಗಿ ತಗ್ಗುತ್ತದೆ. ನಾಲ್ಕು ತೊಟ್ಟಿ ಇಟ್ಟವರು ನಾಲ್ಕು ಫಿಲ್ಟರಿನ ಬದಲು ಒಂದೇ ಏರ್ ಪಂಪಿನಿಂದ ನಾಲ್ಕು ಸ್ಪಂಜ್ ಫಿಲ್ಟರ್ ಓಡಿಸಬಹುದು. ತಂಪು ಮಾಡಲು ಎಲ್ಲರಿಗೂ ಚಿಲ್ಲರ್ ಬೇಕಿಲ್ಲ. ನೀರಿನ ಮೇಲ್ಮೈಗೆ ಗಾಳಿ ಬೀಸುವ ಐದಾರು ವಾಟ್‌ನ ಫ್ಯಾನು ಅಚ್ಚರಿಯ ಕೆಲಸ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ತನ್ನೊಂದಿಗೆ ಸುಮಾರು 0.67 ಯೂನಿಟ್‌ನಷ್ಟು ಶಾಖವನ್ನು ಒಯ್ಯುತ್ತದೆ. ಇನ್ನೂರು ಲೀಟರನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದ ಶಾಖ 0.23 ಯೂನಿಟ್ ಮಾತ್ರ. ಒಣಹವೆಯ ಬಳ್ಳಾರಿ, ರಾಯಚೂರಿನಲ್ಲಿ ಇದು ಬಲು ಚೆನ್ನ. ಗಾಳಿಯಲ್ಲೇ ಪಸೆ ತುಂಬಿರುವ ಅಚ್ಯುತಾಪುರಂ, ಮಂಗಳೂರಿನಂಥ ಕಡೆ ಆವಿಯಾಗುವುದೇ ನಿಧಾನ, ಫಲವೂ ಅಷ್ಟಕ್ಕಷ್ಟೆ. ಉಪ್ಪುನೀರಿನ ತೊಟ್ಟಿಯಲ್ಲಿ ಆವಿಯಾದ ನೀರಿಗೆ ಬದಲಾಗಿ ಸಿಹಿನೀರನ್ನೇ ತುಂಬಬೇಕು, ಉಪ್ಪು ಎಲ್ಲಿಗೂ ಹೋಗಿರುವುದಿಲ್ಲ.

ಇನ್ನು ಬಿಲ್ಲು. ಆಂಧ್ರದ ಗೃಹಬಳಕೆಯ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 2022ರಿಂದ ಜಾರಿಯಲ್ಲಿರುವ ಪಟ್ಟಿಯ ಪ್ರಕಾರ ಮೊದಲ 30 ಯೂನಿಟ್ಟಿಗೆ ತಲಾ ₹1.90, 75ರವರೆಗೆ ₹3, 125ರವರೆಗೆ ₹4.50, 225ರವರೆಗೆ ₹6, 400ರವರೆಗೆ ₹8.75, ಅದರಾಚೆ ₹9.75. ವಿಶಾಖಪಟ್ಟಣದ ಪೂರ್ವ ವಿದ್ಯುತ್ ಕಂಪನಿಯಾಗಲಿ, ವಿಜಯವಾಡದ ಮಧ್ಯ ವಿದ್ಯುತ್ ಕಂಪನಿಯಾಗಲಿ ಹಾಕುವುದು ಇದೇ ದರ. ತಿಂಗಳಿಗೆ 200 ಯೂನಿಟ್ ಬಳಸುವ ಮನೆಗೆ ಕರೆಂಟಿನ ಬೆಲೆ ₹867. ಆ ಮನೆಗೆ ಮೇಲೆ ಹೇಳಿದ ಹವಳದ ತೊಟ್ಟಿ ಬಂದು 360 ಯೂನಿಟ್ ಆಯಿತೆನ್ನಿ, ಬೆಲೆ ₹2,198ಕ್ಕೆ ಜಿಗಿಯುತ್ತದೆ. ಬಳಕೆ ದುಪ್ಪಟ್ಟು ಕೂಡ ಆಗಿಲ್ಲ, ಬಿಲ್ಲು ಎರಡೂವರೆ ಪಟ್ಟಾಯಿತು. ತೊಟ್ಟಿಯ ಯೂನಿಟ್ಟುಗಳೆಲ್ಲ ಮೇಲಿನ ಮೆಟ್ಟಿಲಿನಲ್ಲೇ ಕೂರುವುದು ಇದಕ್ಕೆ ಕಾರಣ. ಇತರ ಶುಲ್ಕಗಳು ಇದರ ಮೇಲೆ.

ಕರ್ನಾಟಕದಲ್ಲಿ ಚಿತ್ರ ಬೇರೆ. 2024ರ ಏಪ್ರಿಲ್‌ನಿಂದ ಇಲ್ಲಿ ಗೃಹಬಳಕೆಗೆ ಒಂದೇ ದರ. ಆಗ ನಿಗದಿಯಾದದ್ದು ಯೂನಿಟ್ಟಿಗೆ ₹5.90. ಮೆಟ್ಟಿಲಿಲ್ಲ, ಆದರೆ ಒಂದು ಪ್ರಪಾತವಿದೆ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಅಷ್ಟನ್ನು ಉಚಿತ ಕೊಡುತ್ತಾರೆ. ತಿಂಗಳ ಬಳಕೆ 200 ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ಸರಾಸರಿ 150 ಯೂನಿಟ್ ಇದ್ದ ಮನೆಗೆ 165ರವರೆಗೆ ಉಚಿತ. ಸಿಹಿನೀರಿನ ತೊಟ್ಟಿಯಿಂದ ಬಳಕೆ 177ಕ್ಕೆ ಏರಿದರೆ ಹೆಚ್ಚುವರಿ 12 ಯೂನಿಟ್ಟಿಗೆ ಆ 2024ರ ದರದಲ್ಲಿ ಎಪ್ಪತ್ತು ರೂಪಾಯಿ ಚಿಲ್ಲರೆ. ಹವಳದ ತೊಟ್ಟಿಯಿಂದ 310ಕ್ಕೆ ಏರಿದರೆ ಅಷ್ಟೂ ಯೂನಿಟ್ಟಿಗೆ ಅದೇ ದರದಲ್ಲಿ ₹1,829, ಜೊತೆಗೆ ನಿಗದಿತ ಶುಲ್ಕ. ಕಾಸರಗೋಡು, ಮಂಜೇಶ್ವರದ ಕನ್ನಡಿಗರ ಮನೆಗಳಿಗೆ ಕೇರಳದ ದರ ಅನ್ವಯಿಸುತ್ತದೆ. ಅಲ್ಲಿ ತಿಂಗಳಿಗೆ 250 ಯೂನಿಟ್ ದಾಟಿದರೆ ಮೆಟ್ಟಿಲೇ ಕಳಚಿಬಿದ್ದು, ಮೊದಲ ಯೂನಿಟ್‌ನಿಂದಲೇ ಮೇಲಿನ ದರ ಕಟ್ಟಬೇಕಾಗುತ್ತದೆ. ತೊಟ್ಟಿ ಕೊಳ್ಳುವ ಮೊದಲು ಹಳೆಯ ಬಿಲ್ಲುಗಳನ್ನು ತೆಗೆದು ನೋಡುವುದು ಇದಕ್ಕಾಗಿ.

ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಶುರು ಮಾಡಿದ ಪಿಎಂ ಸೂರ್ಯ ಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳು, ಮೀಸಲಿಟ್ಟ ಹಣ ₹75,021 ಕೋಟಿ. ಮೊದಲ ಎರಡು ಕಿಲೋವಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000 ಸಹಾಯಧನ. ಮೂರು ಕಿಲೋವಾಟ್ ದಾಟಿದರೂ ₹78,000ಕ್ಕಿಂತ ಹೆಚ್ಚಿಲ್ಲ. ಒಂದು ಕಿಲೋವಾಟ್‌ಗೆ ತಾರಸಿಯಲ್ಲಿ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಬೆಂಗಳೂರಿನ ಹಳೆಯ ಮನೆಗಳಲ್ಲಿ ದಕ್ಷಿಣದ ಬಿಸಿಲನ್ನು ಬಿಸಿನೀರಿನ ಸೋಲಾರ್ ಆಗಲೇ ಹಿಡಿದುಕೊಂಡಿರುತ್ತದೆ, ಒಣಹಾಕುವ ಬಟ್ಟೆಯ ತಂತಿಗಳೂ ಅಲ್ಲೇ. ವರ್ಷದ ಸರಾಸರಿ ಹಿಡಿದರೆ ಒಂದು ಕಿಲೋವಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ತಿಂಗಳಿಗೆ 120.

ಈಗ ಆಂಧ್ರದ ಆ 360 ಯೂನಿಟ್‌ನ ಮನೆಗೆ ಮರಳೋಣ. ಎರಡು ಕಿಲೋವಾಟ್ ಹಾಕಿದರೆ 240 ಯೂನಿಟ್ ಕಳೆದು ಉಳಿಯುವುದು 120, ಅದರ ಬೆಲೆ ₹395. ಅಂದರೆ ತಿಂಗಳಿಗೆ ₹1,800ರ ಉಳಿತಾಯ. ಮೂರನೆಯ ಕಿಲೋವಾಟ್ ಹಾಕಿದರೆ ಉಳಿದದ್ದೂ ಸೊನ್ನೆಯಾಗುತ್ತದೆ ನಿಜ, ಆದರೆ ಅದು ಉಳಿಸುವುದು ಆ ₹395 ಮಾತ್ರ, ಸಹಾಯಧನವೂ ಅದಕ್ಕೆ ಕಡಿಮೆ. ಫಲಕ ಮೊದಲು ಕತ್ತರಿಸುವುದು ದುಬಾರಿ ಮೆಟ್ಟಿಲನ್ನು. ಆಮೇಲೆ ಕತ್ತರಿಸುವುದು ಸರ್ಕಾರವೇ ಅಗ್ಗಕ್ಕೆ ಕೊಡುತ್ತಿದ್ದ ಯೂನಿಟ್ಟುಗಳನ್ನು. ಆಂಧ್ರದಲ್ಲಿ ಇಂಥ ಮನೆಗೆ ಎರಡು ಕಿಲೋವಾಟೇ ಸರಿಯಾದ ಅಳತೆ ಎಂದು ನನ್ನ ಅಭಿಪ್ರಾಯ. ಕೈಯಿಂದ ಹಾಕಿದ ಹಣ ಕೆಲವೇ ವರ್ಷಗಳಲ್ಲಿ ಮರಳುತ್ತದೆ, ಫಲಕಕ್ಕೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ಉತ್ಪಾದನಾ ಖಾತರಿ 25 ವರ್ಷದ್ದು. ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆಯಾದರೂ ಬದಲಾಯಿಸಬೇಕು.

ಕರ್ನಾಟಕದಲ್ಲಿ ಒಂದೇ ದರವಾದ್ದರಿಂದ ಪ್ರತಿ ಕಿಲೋವಾಟೂ ತಿಂಗಳಿಗೆ ಏಳುನೂರು ರೂಪಾಯಿಯಷ್ಟು ಸಮನಾಗಿ ಉಳಿಸುತ್ತದೆ. ಆದರೆ ಗೃಹಜ್ಯೋತಿಯೊಳಗೆ ಇರುವ, ಒಂದೆರಡು ಸಣ್ಣ ತೊಟ್ಟಿಗಳಷ್ಟೇ ಇರುವ ಮನೆಯವರು ಮೀನಿನ ಹೆಸರಿನಲ್ಲಿ ಸೋಲಾರ್ ಹಾಕಿಸುವುದರಲ್ಲಿ ಅರ್ಥವಿಲ್ಲ. ಎಪ್ಪತ್ತು ರೂಪಾಯಿ ಉಳಿಸಲು ಯಾರೂ ತಾರಸಿಗೆ ಕಬ್ಬಿಣ ಏರಿಸುವುದಿಲ್ಲ. ಅದೇ ದುಡ್ಡಿನ ಒಂದು ಪಾಲನ್ನು ಬ್ಯಾಟರಿಗೆ ಹಾಕಿ ಎಂದು ಅವರಿಗೆ ಹೇಳುತ್ತೇನೆ. ಯಾಕೆಂದರೆ ಮುಖ್ಯವಾದ ವಿಷಯ ಅಲ್ಲಿದೆ.

ನೆಟ್ ಮೀಟರ್ ಇರುವ ಮನೆಯಲ್ಲಿ ಹಗಲು ಹೆಚ್ಚಾದ ಕರೆಂಟು ಬೀದಿಯ ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ಲೈನಿನಿಂದ ಬರುತ್ತದೆ, ತಿಂಗಳ ಕೊನೆಗೆ ಎರಡನ್ನೂ ಕಳೆದು ಬಿಲ್ಲು. ಇದು ಡೇರಿಗೆ ಹಾಲು ಹಾಕಿದ ಹಾಗೆ. ಬೆಳಿಗ್ಗೆ ಹಾಕಿದ ಹಾಲು ಪಾಸ್‌ಪುಸ್ತಕದಲ್ಲಿ ಅಂಕಿಯಾಗಿ ಕೂತಿರುತ್ತದೆ, ನಡುರಾತ್ರಿ ಮಗು ಎದ್ದು ಅತ್ತರೆ ಪುಸ್ತಕದಿಂದ ಹಾಲು ಸುರಿಯಲಾಗದು. ತಾರಸಿಯ ಮೇಲೆ ಮೂರು ಕಿಲೋವಾಟ್ ಇದ್ದರೂ ಲೈನು ಹೋದರೆ ಮನೆ ಕತ್ತಲೆ. ನಟ್ಟನಡು ಮಧ್ಯಾಹ್ನ, ಕಣ್ಣು ಕೋರೈಸುವ ಬಿಸಿಲಿದ್ದರೂ ಅಷ್ಟೇ.

ಇದು ಯಂತ್ರದ ದೋಷವಲ್ಲ, ಬೇಕೆಂದೇ ಮಾಡಿರುವ ಏರ್ಪಾಡು. ಲೈನಿಗೆ ಜೋಡಿಸಿದ ಇನ್ವರ್ಟರ್, ಲೈನಿನಲ್ಲಿ ಕರೆಂಟು ನಿಂತದ್ದು ಗೊತ್ತಾದ ಕೂಡಲೇ, ಸಾಮಾನ್ಯವಾಗಿ ಎರಡು ಸೆಕೆಂಡಿನೊಳಗೆ, ತಾನೂ ನಿಲ್ಲಬೇಕೆಂಬುದು ನಿಯಮ. ನಿಲ್ಲದಿದ್ದರೆ ನಮ್ಮ ಫಲಕದ ಕರೆಂಟು ಬೀದಿಯ ತಂತಿಗೆ ಹರಿದು, ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೆ ಎರವಾಗುತ್ತದೆ. ಇದನ್ನು ಸೋಲಾರ್ ಮಾರುವವರು ಬಾಯಿಬಿಟ್ಟು ಹೇಳಬೇಕು. ಕೊಳ್ಳುವವರು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಮೊದಲ ಸಲ ಕರೆಂಟು ಹೋದ ದಿನ ಮನೆಯವರು ತಾರಸಿಗೂ ತೊಟ್ಟಿಗೂ ಓಡಾಡುತ್ತಾರೆ.

ಕರಾವಳಿ ಆಂಧ್ರದವರಿಗೆ ಕರೆಂಟು ಹೋಗುವುದೆಂದರೆ ಅರ್ಧ ಗಂಟೆಯ ಮಾತಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿದಾಗ ಕಂಬಗಳು ಸಾಲುಸಾಲಾಗಿ ಮುರಿದು, ನಗರದ ಎಷ್ಟೋ ಬಡಾವಣೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. 2024ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಅಜಿತ್ ಸಿಂಗ್ ನಗರದ ಸುತ್ತ ನೀರು ನಿಂತಾಗಲೂ ಹಾಗೆಯೇ. ಅಂಥ ದಿನಗಳಲ್ಲಿ ಮನುಷ್ಯರ ಜೀವ ಮೊದಲು, ಅದರಲ್ಲಿ ಎರಡನೆಯ ಮಾತಿಲ್ಲ. ಆದರೂ ಮೀನನ್ನು ಗಾಜಿನೊಳಗೆ ತಂದು ಕೂಡಿದ ಮೇಲೆ ಅದರ ಉಸಿರಿನ ಹೊಣೆ ನಮ್ಮದು. ಕೆರೆಯಲ್ಲಿದ್ದಿದ್ದರೆ ಅದು ತನಗೆ ಬೇಕಾದ ಜಾಗಕ್ಕೆ ಈಜಿ ಹೋಗುತ್ತಿತ್ತು.

ಪಂಪು ನಿಂತಾಗ ನೀರಿನೊಳಗೆ ಏನಾಗುತ್ತದೆ? 25 ಡಿಗ್ರಿಯ ಸಿಹಿನೀರು ಒಂದು ಲೀಟರಿನಲ್ಲಿ ಹೆಚ್ಚೆಂದರೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 32 ಡಿಗ್ರಿಗೆ ಅದು 7.3ಕ್ಕೆ ಇಳಿಯುತ್ತದೆ. ಉಪ್ಪುನೀರಿನ ಶಕ್ತಿ ಇನ್ನೂ ಕಡಿಮೆ, 30 ಡಿಗ್ರಿಯಲ್ಲಿ 6.2ರ ಆಸುಪಾಸು. ಬಿಸಿ ಏರಿದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾದದ್ದು ಹೆಚ್ಚು. ಮೂರು ಮಿಲಿಗ್ರಾಂಗಿಂತ ಕೆಳಗೆ ಬಂದರೆ ಬಹಳಷ್ಟು ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತವೆ. ಏರ್ ಪಂಪಿನ ಗುಳ್ಳೆಯಲ್ಲಿರುವ ಗಾಳಿಯೇ ಕರಗಿ ಮೀನಿಗೆ ಸಿಗುತ್ತದೆ ಎಂದು ಹಲವರ ನಂಬಿಕೆ. ಅದರ ಪಾಲು ಸಣ್ಣದು. ಗುಳ್ಳೆಗಳು ಅಡಿಯ ನೀರನ್ನು ಮೇಲಕ್ಕೆ ತಂದು, ಮೇಲ್ಮೈಯನ್ನು ಕಲಕುತ್ತ ಇರುವುದೇ ದೊಡ್ಡ ಉಪಕಾರ. ಆಮ್ಲಜನಕ ಒಳಗೆ ಇಳಿಯುವುದು ಹೆಚ್ಚಾಗಿ ಅಲ್ಲಿಂದಲೇ. ಹಾಗಾಗಿ ಐದು ವಾಟ್‌ನ ಪಂಪು ಓಡುತ್ತಿದ್ದರೂ ಸಾಕು, ತೊಟ್ಟಿ ಉಳಿಯುತ್ತದೆ.

ಗಿಡ ದಟ್ಟವಾಗಿರುವ ತೊಟ್ಟಿಗೆ ಅಪಾಯವಿಲ್ಲವೆಂಬ ಮಾತೂ ಅರ್ಧ ಸತ್ಯ. ಬೆಳಕಿರುವಾಗ ಗಿಡ ಆಮ್ಲಜನಕ ಕೊಡುತ್ತದೆ, ಕತ್ತಲಲ್ಲಿ ತಾನೂ ಉಸಿರಾಡಿ ಅದನ್ನು ತಿನ್ನುತ್ತದೆ. ಅದಕ್ಕೇ ಬೆಳಗಿನ ಜಾವ ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತು. ಭೀಮಾವರಂ, ಕೈಕಲೂರು ಸುತ್ತಿನ ಸೀಗಡಿ ಹೊಂಡದವರಿಗೆ ಇದು ಬಾಯಿಪಾಠ. ವೆನ್ನಾಮಿ ಸೀಗಡಿ ಬೆಳೆಯುವ ಹೊಂಡಗಳಲ್ಲಿ ನೀರು ಚಿಮ್ಮಿಸುವ ಗಾಲಿ ಏರೇಟರುಗಳು ನಡುರಾತ್ರಿಯಿಂದ ಬೆಳಕು ಹರಿಯುವವರೆಗೆ ಬಿಡದೆ ತಿರುಗುತ್ತವೆ. ಕರೆಂಟು ಹೋದರೆ ಹೊತ್ತಿಸಲೆಂದು ಡೀಸೆಲ್ ಜನರೇಟರ್ ಬದಿಯಲ್ಲೇ ಇರುತ್ತದೆ. ಆಂಧ್ರ ಸರ್ಕಾರ 2019ರಲ್ಲಿ ಅಕ್ವಾ ರೈತರಿಗೆ ಯೂನಿಟ್ಟಿಗೆ ₹1.50ರ ದರ ಕೊಟ್ಟದ್ದರ ಹಿಂದೆ ಇರುವುದೂ ಈ ರಾತ್ರಿಯ ಖರ್ಚೇ. ಎಕರೆಗಟ್ಟಲೆ ಹೊಂಡಕ್ಕೂ ಎರಡಡಿಯ ಗಾಜಿನ ತೊಟ್ಟಿಗೂ ಜಲವಿಜ್ಞಾನ ಒಂದೇ, ಮನೆಯಲ್ಲಿ ಸಾಕುವವರು ಆ ರೈತರಿಂದ ಕಲಿಯಬೇಕಾದದ್ದು ಬಹಳ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಫಿಲ್ಟರಿನ ಸ್ಪಂಜು, ಹರಳುಗಳ ಮೇಲೆ ಕುಳಿತ ಬ್ಯಾಕ್ಟೀರಿಯಾಗಳು ಮೀನಿನ ಮಲಮೂತ್ರದ ಅಮೋನಿಯಾವನ್ನು ನೈಟ್ರೈಟಿಗೂ ಅಲ್ಲಿಂದ ನೈಟ್ರೇಟಿಗೂ ಬದಲಿಸುತ್ತವೆ. ಅವಕ್ಕೂ ಆಮ್ಲಜನಕ ಬೇಕು. ಮುಚ್ಚಿದ ಕ್ಯಾನಿಸ್ಟರಿನಲ್ಲಿ ಹರಿವು ನಿಂತು ಗಂಟೆಗಳು ಕಳೆದರೆ ಒಳಗಿನ ಆಮ್ಲಜನಕ ಮುಗಿದು ಅವು ಸಾಯತೊಡಗುತ್ತವೆ, ನೀರು ಕೊಳೆಯುತ್ತದೆ. ಕರೆಂಟು ಬಂದ ಕ್ಷಣ ಪಂಪು ಆ ಕೊಳಕನ್ನೆಲ್ಲ ತೊಟ್ಟಿಗೆ ತಳ್ಳುತ್ತದೆ. ಬಹಳ ಹೊತ್ತು ಕರೆಂಟು ಇರದಿದ್ದರೆ ಕ್ಯಾನಿಸ್ಟರಿನ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಜಾಲಾಡಿ, ಆಮೇಲೆ ಚಾಲೂ ಮಾಡಬೇಕು. ಕರೆಂಟು ಇಲ್ಲದಷ್ಟು ಹೊತ್ತೂ ಮೀನಿಗೆ ತಿನ್ನಲು ಹಾಕಬಾರದು. ಒಂದೆರಡು ದಿನದ ಉಪವಾಸಕ್ಕೆ ಬೆಳೆದ ಮೀನು ಸಾಯುವುದಿಲ್ಲ, ಕೊಳೆತ ಆಹಾರಕ್ಕೆ ಸಾಯುತ್ತದೆ. ಗುರಾಮಿ, ಫೈಟರ್ ಮೀನುಗಳು ಮೇಲಿನ ಗಾಳಿಯನ್ನೇ ನೇರ ಎಳೆದುಕೊಳ್ಳಬಲ್ಲವು, ಅವಕ್ಕೆ ಇಷ್ಟು ಭಯವಿಲ್ಲ. ಗೋಲ್ಡ್‌ಫಿಶ್‌ಗೆ, ಹವಳದ ತೊಟ್ಟಿಯ ಮೀನುಗಳಿಗೆ ಭಯವಿದೆ.

ಉಸಿರು ಕಾಯುವ ಏರ್ಪಾಡಿಗೆ ದೊಡ್ಡ ಫಲಕವೇ ಬೇಕೆಂದಿಲ್ಲ. 1995ರಲ್ಲಿ ಶುರುವಾದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಹಬ್ಬಿಸಿದ ಸಣ್ಣ ಸೌರದೀಪದ ಏರ್ಪಾಡು ನಮ್ಮಲ್ಲಿ ಹಲವರಿಗೆ ಗೊತ್ತು: ಮಾಡಿನ ಮೇಲೊಂದು ಪುಟ್ಟ ಫಲಕ, ಒಳಗೊಂದು ಬ್ಯಾಟರಿ, ನೇರ ಡಿಸಿಯಲ್ಲಿ ಉರಿಯುವ ದೀಪ. ಲೈನಿನ ಹಂಗೇ ಇಲ್ಲ. ದೀಪದ ಜಾಗದಲ್ಲಿ ಡಿಸಿ ಏರ್ ಪಂಪು ಇಟ್ಟರೆ ಆಯಿತು. 50 ವಾಟ್‌ನ ಫಲಕ ದಿನಕ್ಕೆ ಸುಮಾರು 200 ವಾಟ್-ಗಂಟೆ ಕೊಡುತ್ತದೆ, ನಷ್ಟ ಕಳೆದು 140 ಉಳಿಯಿತೆನ್ನಿ. 5 ವಾಟ್‌ನ ಪಂಪಿಗೆ ದಿನಪೂರ್ತಿ ಬೇಕಾದದ್ದು 120. ಮೋಡ ಕವಿದ ಎರಡು ದಿನ ತಾಳಲು 12 ವೋಲ್ಟ್, 40 ಆಂಪಿಯರ್-ಗಂಟೆಯ ಬ್ಯಾಟರಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಬೇಗ ಹಾಳಾಗುವುದರಿಂದ ಈ ಅಳತೆ. ಮೀನಿನ ಅಂಗಡಿಗಳಲ್ಲಿ ಸಿಗುವ, ಚಾರ್ಜ್ ಮಾಡಿಟ್ಟುಕೊಳ್ಳುವ ಬ್ಯಾಟರಿ ಏರ್ ಪಂಪು ಇದಕ್ಕಿಂತ ಸುಲಭ, ಆದರೆ ಅದು ರಾತ್ರಿಯ ಮಟ್ಟಿಗೆ ಮಾತ್ರ.

ಮನೆಯಲ್ಲಿ ಹಳೆಯ ಇನ್ವರ್ಟರ್ ಇದ್ದರೆ ಅದೂ ಆದೀತು. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧವೆಂದರೆ 900 ವಾಟ್-ಗಂಟೆ. ಫಿಲ್ಟರ್, ಏರ್ ಪಂಪಿಗೆ 25 ವಾಟ್, ಇನ್ವರ್ಟರ್ ತಾನೇ ನುಂಗುವುದು ಹದಿನೈದು. ಇಪ್ಪತ್ತು ಗಂಟೆ ದಾಟುತ್ತದೆ. ಇನ್ವರ್ಟರ್ ಸೈನ್ ವೇವ್ ಇರಲಿ, ಅಗ್ಗದ ಸ್ಕ್ವೇರ್ ವೇವ್‌ನಲ್ಲಿ ಪಂಪುಗಳು ಗುಂಯ್‌ಗುಟ್ಟಿ ಕಾಯುತ್ತವೆ. ಏರ್ ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟಿದ್ದರೆ ಕೊಳವೆಗೆ ನಾನ್-ರಿಟರ್ನ್ ವಾಲ್ವ್ ಹಾಕಲೇಬೇಕು, ಇಲ್ಲದಿದ್ದರೆ ಪಂಪು ನಿಂತಾಗ ನೀರು ಹಿಂದಕ್ಕೆ ಹರಿದು ಪಂಪಿಗೂ ಪ್ಲಗ್ಗಿಗೂ ಇಳಿಯುತ್ತದೆ. ಬಿಲ್ಲೂ ಉಸಿರೂ ಎರಡೂ ಒಂದೇ ಯಂತ್ರದಲ್ಲಿ ಬೇಕೆನ್ನುವವರಿಗೆ ಹೈಬ್ರಿಡ್ ಇನ್ವರ್ಟರ್ ಇದೆ. ಲೈನು ಹೋದಾಗ ಅದು ಬೀದಿಯಿಂದ ತನ್ನನ್ನು ಕಡಿದುಕೊಂಡು, ಫಲಕ ಮತ್ತು ಬ್ಯಾಟರಿಯಿಂದ ಮನೆಯ ಒಂದು ಭಾಗಕ್ಕೆ ಮಾತ್ರ ಕರೆಂಟು ಕೊಡುತ್ತದೆ. ಬೆಲೆ ಹೆಚ್ಚು, ಸರ್ಕಾರದ ಸಹಾಯಧನದ ಲೆಕ್ಕ ಫಲಕದ ಕಿಲೋವಾಟಿನ ಮೇಲೆಯೇ ಹೊರತು ಬ್ಯಾಟರಿಯ ಮೇಲಲ್ಲ.

ಕಡಲ ಪಕ್ಕದವರಿಗೆ ಇನ್ನೊಂದು ಮಾತು. ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಚೌಕಟ್ಟಿಗೆ ದಪ್ಪ ಕಲಾಯಿಯ ಉಕ್ಕು ಅಥವಾ ಅಲ್ಯೂಮಿನಿಯಂ, ಬೋಲ್ಟುಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಬೇಕು. ಫಲಕ ಉಪ್ಪುಮಂಜಿನ ಪರೀಕ್ಷೆಯಾದ ಐಇಸಿ 61701ರಲ್ಲಿ ಗೆದ್ದದ್ದೇ ಎಂದು ಕೇಳಿ ಕೊಳ್ಳಬೇಕು. ಚಂಡಮಾರುತದ ದಾರಿಯಲ್ಲಿರುವ ತಾರಸಿಯಲ್ಲಿ ಫಲಕವನ್ನು ಎತ್ತರದ ಕಾಲುಗಳ ಮೇಲೆ ನಿಲ್ಲಿಸುವುದು ಅಪಾಯ, ಗಾಳಿ ಅಡಿಗೆ ನುಗ್ಗಿ ಎತ್ತಿಬಿಡುತ್ತದೆ. ಬಿಸಿಗೂ ಬೆಲೆ ತೆರಬೇಕು: ಫಲಕದ ಬಿಸಿ 25 ಡಿಗ್ರಿಯ ಮೇಲೆ ಏರಿದ ಪ್ರತಿ ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಮೇ ತಿಂಗಳಲ್ಲಿ 60 ಡಿಗ್ರಿಗೆ ಕಾಯ್ದ ಫಲಕ ತನ್ನ ಶಕ್ತಿಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿರುತ್ತದೆ. ಕಾರ್ಖಾನೆ ಸುತ್ತಿನ ಊರುಗಳಲ್ಲಿ ಧೂಳು ತೊಳೆಯುವ ಕೆಲಸವೂ ಸೇರಿಕೊಳ್ಳುತ್ತದೆ.

ಮುಂದೆ ಹೊತ್ತಿಗೊಂದು ದರ ಬರುವ ಸೂಚನೆಯೂ ಇದೆ. 2023ರಲ್ಲಿ ಕೇಂದ್ರ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ, ಸ್ಮಾರ್ಟ್ ಮೀಟರ್ ಇರುವ ಗ್ರಾಹಕರಿಗೆ ಬಿಸಿಲಿನ ಎಂಟು ಗಂಟೆಗಳಲ್ಲಿ ದರ ಕಡಿಮೆ, ಸಂಜೆಯ ಹೆಚ್ಚು ಬೇಡಿಕೆಯ ಹೊತ್ತಿನಲ್ಲಿ ಹೆಚ್ಚು ಎಂಬ ಏರ್ಪಾಡಿದೆ. ಅದು ಮನೆಗಳಿಗೆ ಬಂದ ದಿನ ತೊಟ್ಟಿಯ ದೀಪದ ಟೈಮರನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ಸರಿಸಿದರೆ ಲಾಭ. ಗಿಡಕ್ಕೆ ಬೇಕಾದದ್ದು ದಿನಕ್ಕೆ ಏಳೆಂಟು ಗಂಟೆಯ ಬೆಳಕು, ಯಾವ ಹೊತ್ತಾದರೂ ಸರಿ. ಬ್ಯಾಟರಿ ಇಟ್ಟವರು ಈಗಲೇ ಹಾಗೆ ಮಾಡುವುದು ಒಳ್ಳೆಯದು.

ಸೋಲಾರ್ ಹಾಕಲು ಬಂದವರ ಮುಂದೆ ಇಡಬೇಕಾದ ಮೊದಲ ಪ್ರಶ್ನೆ, ಲೈನು ಹೋದಾಗ ಯಾವ ಪ್ಲಗ್ಗಿನಲ್ಲಿ ಕರೆಂಟು ಇರುತ್ತದೆ ಎಂಬುದು. ಹೈಬ್ರಿಡ್ ಆದರೆ ಬ್ಯಾಕಪ್ ಲೈನಿನ ತಂತಿಯನ್ನು ಬೇರೆಯೇ ಎಳೆಸಿ, ತೊಟ್ಟಿಯ ಪಕ್ಕದ ಎರಡು ಪ್ಲಗ್ಗುಗಳಿಗೆ ಮಾತ್ರ ಕೊಡಿಸಬೇಕು. ಒಂದರಲ್ಲಿ ಏರ್ ಪಂಪು, ಇನ್ನೊಂದರಲ್ಲಿ ಫಿಲ್ಟರ್. ಚಿಲ್ಲರ್, ಹೀಟರ್, ದೀಪ ಆ ಲೈನಿಗೆ ಬರಕೂಡದು. ಅವು ಸೇರಿಕೊಂಡರೆ ರಾತ್ರಿಯಿಡೀ ಬರಬೇಕಾದ ಬ್ಯಾಟರಿ ಎರಡು ಮೂರು ಗಂಟೆಯಲ್ಲಿ ಬರಿದಾಗುತ್ತದೆ. ಕೆಲಸ ಮುಗಿಸಿ ಹಣ ಕೊಡುವ ಮೊದಲು, ಅವರು ಎದುರಿಗಿರುವಾಗಲೇ, ಮೀಟರಿನ ಪಕ್ಕದ ಮೇನ್ ಸ್ವಿಚ್ ಆರಿಸಿ ಆ ಎರಡು ಪ್ಲಗ್ಗು ಎಷ್ಟು ಹೊತ್ತು ಜೀವಂತ ಇರುತ್ತವೆ ಎಂದು ಗಡಿಯಾರ ಹಿಡಿದು ನೋಡಿ. ಮೊದಲ ಪರೀಕ್ಷೆ ಹಗಲು ಆಗಲಿ, ಎರಡನೆಯದನ್ನು ಕತ್ತಲಾದ ಮೇಲೆ ಮನೆಯವರೇ ಮಾಡಿಕೊಳ್ಳಬಹುದು.